ಮುಟ್ಟಿ ಸವೆದ ಮೂಲೆ

ಆ ದಿನ ಮಳೆ ಬರುತ್ತಿತ್ತು ಎಂದು ನನ್ನ ಡೈರಿ ಹೇಳುತ್ತದೆ. ನನ್ನ ನೆನಪಿನಲ್ಲಿ ಮಾತ್ರ ಕಿಟಕಿಯಿಂದ ಬಿಸಿಲು ಬಿದ್ದಿದೆ, ಆ ಬಿಸಿಲಿನಲ್ಲಿ ಕೆಂಪು ಉಣ್ಣೆಯ ಸಣ್ಣ ಎಳೆಗಳು ತೇಲುತ್ತಿವೆ. ಎರಡೂ ಒಟ್ಟಿಗೆ ನಿಜವಾಗಿರುವುದು ಕಷ್ಟ. ಡೈರಿಯನ್ನು ಅದೇ ಸಂಜೆ ಬರೆದದ್ದು, ಅದನ್ನೇ ನಂಬಬೇಕು ಎನ್ನುತ್ತದೆ ಬುದ್ಧಿ. ಆದರೆ ಬಿಸಿಲು ಕರಗುವುದಿಲ್ಲ. ಹಾಗಾಗಿ ಮುಂದೆ ಹೇಳುವುದರಲ್ಲಿ ಕೆಲವು ಮಾತುಗಳನ್ನು ನಾನು ತಪ್ಪು ಬಾಯಿಗೆ ಕೊಟ್ಟಿರಬಹುದು, ಒಂದೆರಡು ಘಟನೆಗಳು ಹಿಂದುಮುಂದಾಗಿರಬಹುದು. ಕಂಬಳಿ ಇದ್ದದ್ದು ಮಾತ್ರ ನಿಜ. ಅದನ್ನು ನನ್ನ ಜೊತೆ ಬೇರೆಯವರೂ ಮುಟ್ಟಿದ್ದಾರೆ.

ಕೇಂದ್ರ ಸರ್ಕಾರ ತನಗೆ ಬೇಕಾದ ವಸ್ತುಗಳನ್ನು ಕೊಳ್ಳುವ ನಿಯಮಗಳನ್ನು ಹೊಸದಾಗಿ ಬರೆಯುವ ಸಣ್ಣ ತಂಡವೊಂದರಲ್ಲಿ ನಾನಿದ್ದೆ. ಹಳೆಯ ಸುತ್ತೋಲೆಗಳನ್ನೆಲ್ಲ ಒಂದು ನಿಯಮಾವಳಿಯಾಗಿ ಕೂಡಿಸಬೇಕು, ಪೆನ್ಸಿಲಿನಿಂದ ಆಂಬುಲೆನ್ಸಿನವರೆಗೆ ಎಲ್ಲ ಖರೀದಿಯನ್ನೂ ಒಂದು ಆನ್‌ಲೈನ್ ಪೋರ್ಟಲ್‌ಗೆ ತರಬೇಕು. ನನ್ನ ಪಾಲಿಗೆ ಬಂದದ್ದು ಗುಣಮಟ್ಟದ ಅಧ್ಯಾಯ. ಅಂದರೆ, ಸರ್ಕಾರ ತನಗೆ ಏನು ಬೇಕು ಎಂಬುದನ್ನು ಯಾವ ಮಾತಿನಲ್ಲಿ ಹೇಳಬೇಕು ಎಂಬ ಅಧ್ಯಾಯ. ಹೇಳಿದ್ದಕ್ಕೆ ಹೊಂದುವ ವಸ್ತುಗಳಲ್ಲಿ ಯಾರದು ಅಗ್ಗವೋ ಅವರಿಗೇ ಆರ್ಡರ್ ಹೋಗುತ್ತದೆ. ಹೇಳದೆ ಬಿಟ್ಟದ್ದು ಬರುವುದಿಲ್ಲ.

ಅಧ್ಯಾಯವನ್ನು ಮೊದಲು ಒಂದು ನಿಜವಾದ ಖರೀದಿಯ ಮೇಲೆ ಪರೀಕ್ಷಿಸಬೇಕಿತ್ತು. ನಮ್ಮ ನಿರ್ದೇಶಕರು ಆಸ್ಪತ್ರೆಯ ಕಂಬಳಿಗಳನ್ನು ಆರಿಸಿದರು. ದೆಹಲಿಯ ಕೆಲವು ಸರ್ಕಾರಿ ಆಸ್ಪತ್ರೆಗಳಿಗೆ ಕಂಬಳಿ; ಮೂರು ವರ್ಷದ ಒಪ್ಪಂದ; ಮೊದಲ ಕಂತು ಮಂಜು ಇಳಿಯುವುದರೊಳಗೆ ವಾರ್ಡುಗಳಿಗೆ ಸೇರಬೇಕು.

"ಕಂಬಳಿಯಲ್ಲಿ ಏನಿದೆ ಹೇಳಿ," ಎಂದರು ಅವರು, ಚಹಾದ ಲೋಟದ ಮೇಲೆ ತಟ್ಟೆ ಮುಚ್ಚುತ್ತ. "ಎಂಜಿನ್ ಇಲ್ಲ, ವಾಲ್ವ್ ಇಲ್ಲ. ಹೊದ್ದರೆ ಬೆಚ್ಚಗಿರಬೇಕು, ಬಸ್, ಅಷ್ಟೇ. ಇದನ್ನೂ ಬರೆಯೋಕೆ ಬರದಿದ್ದರೆ ಅಂಗಡಿ ಮುಚ್ಚೋಣ."

ಹಳೆಯ ಟೆಂಡರ್ ತೆಗೆದು ನೋಡಿದೆ. ಉದ್ದ ಅಗಲ ಇತ್ತು. ಆಮೇಲೆ ಒಂದೇ ವಾಕ್ಯ: ಬಣ್ಣ, ದಪ್ಪ, ಸ್ಪರ್ಶ, ಎಲ್ಲವೂ ಮೊಹರು ಮಾಡಿದ ನಮೂನೆಯಂತೆ ಇರತಕ್ಕದ್ದು.

ಮೊಹರು ನಮೂನೆಗಳ ಕೋಣೆ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಪಕ್ಕದಲ್ಲಿತ್ತು. ಅಲ್ಲಿಗೆ ನಾನು ಮೊದಲ ಸಲ ಹೋದಾಗ, ಕೆಲಸದ ಹೊತ್ತಿನಲ್ಲಿ ನಿದ್ದೆಯೊಳಗೆ ಕಾಲಿಟ್ಟ ಹಾಗಾಯಿತು. ಗಾಜಿನ ಕಪಾಟುಗಳ ತುಂಬ ವಸ್ತುಗಳು, ಒಂದೊಂದೇ. ಒಂದು ಬಕೆಟ್. ಒಂದು ಶಾಲಾ ಗಂಟೆ. ಒಂದು ಕಾಲಿನ ಬೂಟು. ಒಂದು ಸೊಳ್ಳೆ ಪರದೆ. ಪ್ರತಿಯೊಂದಕ್ಕೂ ದಾರ, ದಾರದ ಗಂಟಿನ ಮೇಲೆ ಒಣರಕ್ತದ ಬಣ್ಣದ ಅರಗು. ದೇಶದಲ್ಲಿರುವ ಸರ್ಕಾರಿ ಬಕೆಟ್‌ಗಳೆಲ್ಲ ಈ ಒಂದು ಬಕೆಟ್ ಕಂಡ ಕನಸು ಎನ್ನುವಂತೆ ಅದು ಅಲ್ಲಿ ಸುಮ್ಮನೆ ಕೂತಿತ್ತು. ನ್ಯಾಫ್ತಲೀನ್ ವಾಸನೆ ಇತ್ತು. ಇದನ್ನು ಡೈರಿಯೂ ಒಪ್ಪುತ್ತದೆ.

ಕೋಣೆಯ ಬೀಗದ ಕೈ ಇದ್ದದ್ದು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಸೆಕ್ಷನ್ ಆಫೀಸರ್ ಹತ್ತಿರ. ಕಂಬಳಿಯ ಕಪಾಟು ತೆಗೆದು ಪದ್ಧತಿ ವಿವರಿಸಿದರು. ಟೆಂಡರ್ ಕರೆದ ಮೇಲೆ, ಬೆಲೆ ಹಾಕುವ ಮೊದಲು, ತಯಾರಕರು ಬಂದು ನಮೂನೆ ಮುಟ್ಟಿ ನೋಡಬಹುದು. ಬಿಚ್ಚುವಂತಿಲ್ಲ. ಕಂಬಳಿಯನ್ನು ಮಡಿಸಿ ಕಟ್ಟಿ ಮೊಹರು ಒತ್ತುವಾಗಲೇ ಒಂದು ಮೂಲೆಯನ್ನು ಹೊರಗೆ ಬಿಟ್ಟಿರುತ್ತಾರೆ, ಮುಟ್ಟುವುದಕ್ಕೆಂದೇ.

"ಹೆಬ್ಬೆರಳು, ತೋರುಬೆರಳು, ನಡುವೆ ಕಂಬಳಿ," ಎಂದು ತೋರಿಸಿದರು. "ಕೆಲವರು ಕಣ್ಣು ಮುಚ್ಚಿಕೊಳ್ತಾರೆ ಮೇಡಂ ಜೀ. ಕೆಲವರು ಹುಡುಗಿ ನೋಡೋಕೆ ಬಂದ ಹಾಗೆ, ಮುಟ್ಟಿದ್ದೂ ಗೊತ್ತಾಗಬಾರದು, ಬಿಟ್ಟಿದ್ದೂ ಗೊತ್ತಾಗಬಾರದು."

ನಾನೂ ಕಣ್ಣು ಮುಚ್ಚಿ ಮುಟ್ಟಿದೆ. ಅಮ್ಮನ ಹಳೆಯ ನೂಲಿನ ಸೀರೆಯಷ್ಟು ಮೆತ್ತಗಿತ್ತು.

ಅದೇ ವಾರ ಆಸ್ಪತ್ರೆಯೊಂದರ ನರ್ಸಿಂಗ್ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಕೇರಳದವರು, ಬಹಳ ವರ್ಷದಿಂದ ದೆಹಲಿಯಲ್ಲಿದ್ದವರು. ಕಂಬಳಿ ಎಂದ ಕೂಡಲೇ ನಕ್ಕರು.

"ಕಂಬಳಿ ಅಂತೀರಲ್ಲ, ಅದು ಹೊದಿಕೆಯ ನೆನಪು ಅಷ್ಟೇ. ಚಳಿ ಬಿದ್ದರೆ ಒಬ್ಬರಿಗೆ ಎರಡು ಹೊದಿಸ್ತೀವಿ. ಅರ್ಧ ವಾರ್ಡ್ ಬೆಚ್ಚಗಿರುತ್ತೆ. ಇನ್ನರ್ಧ ಮನೆಯಿಂದ ತರಿಸಿಕೊಳ್ಳುತ್ತೆ. ಮನೆ ಇದ್ದವರು."

ದೂರು ಹೊಸದಲ್ಲ. ಪ್ರತಿ ಸಲ ದೂರು ಬಂದಾಗಲೂ ತಪಾಸಣೆ ನಡೆದಿತ್ತು, ಪ್ರತಿ ತಪಾಸಣೆಯೂ "ನಮೂನೆಯಂತಿದೆ" ಎಂದು ಮುಗಿದಿತ್ತು. ನಮ್ಮ ತಂಡದಲ್ಲಿ ಯಾರಿಗೂ ಅನುಮಾನವಿರಲಿಲ್ಲ: ತಯಾರಕರು ಮೋಸ ಮಾಡುತ್ತಾರೆ, ಒಳಗಿನವರು ಯಾರೋ ಕಣ್ಣು ಮುಚ್ಚುತ್ತಾರೆ. ಕಣ್ಣು ಮುಚ್ಚುವುದು ಎಂದಾಗ ನನಗೆ ಸೆಕ್ಷನ್ ಆಫೀಸರರ ಮಾತು ನೆನಪಾಗಿ ಮನಸ್ಸು ಕಸಿವಿಸಿಯಾಯಿತು. ಪೋರ್ಟಲ್ ಬಂದರೆ ಕೈಗಳ ಆಟ ನಿಲ್ಲುತ್ತದೆ ಎಂದುಕೊಂಡೆವು. ಹಳೆಯ ವಾಕ್ಯವನ್ನೇ ಇಟ್ಟು, ಮುಟ್ಟುವ ಬದಲು ನಮೂನೆಯ ಚಿತ್ರ ಹಾಕಿ ಟೆಂಡರ್ ಪ್ರಕಟಿಸಿದೆವು. ಈಗ ಯೋಚಿಸಿದರೆ ಎಷ್ಟು ವಿಚಿತ್ರ ಅನಿಸುತ್ತದೆ. ಬೆಚ್ಚಗಿನದ್ದೊಂದನ್ನು ಫೋಟೋದಲ್ಲಿ ತೋರಿಸಲು ಹೊರಟಿದ್ದೆವು.

ಪೋರ್ಟಲ್ ಕಟ್ಟುತ್ತಿದ್ದವನು ದಾವಣಗೆರೆಯ ಹುಡುಗ. ಹುಡುಗ ಅನ್ನುತ್ತೇನೆ, ಮೂವತ್ತು ದಾಟಿದವನು, ಕರೋಲ್ ಬಾಗ್‌ನಲ್ಲಿ ಬಾಡಿಗೆಗಿದ್ದ. ಟೆಂಡರ್ ಪ್ರಕಟವಾದ ಕೆಲವೇ ದಿನಗಳಲ್ಲಿ ಅವನು ಲ್ಯಾಪ್‌ಟಾಪ್ ಹಿಡಿದು ನನ್ನ ಮೇಜಿಗೆ ಬಂದ.

"ಮೇಡಂ, ತಯಾರಕರು ಕೇಳ್ತಿದ್ದಾರೆ, ಯಾವ ಕೆಂಪು ಅಂತ. ಮತ್ತೆ ಫೋಟೋ ತೆಗೆದೆ. ನೋಡಿ. ಬೆಳಿಗ್ಗೆ ಇದು, ಮಧ್ಯಾಹ್ನ ಇದು, ಟ್ಯೂಬ್‌ಲೈಟ್‌ನಲ್ಲಿ ಇದು."

ಒಂದು ಇಟ್ಟಿಗೆ, ಒಂದು ಮಾಸಿದ ಗುಲಾಬಿ, ಒಂದು ತುಕ್ಕು.

"ನಮ್ಮ ಕರೋಲ್ ಬಾಗ್‌ನಲ್ಲಿ ಕಂಬಳಿ ಮಾರೋ ಭಯ್ಯಾನ ಹತ್ರ ಹೋದ್ರೆ 'ಹಿಡಿದು ನೋಡಿ, ಬಿಡಿಸಿ ನೋಡಿ' ಅಂತಾನೆ. ನಾವು ಇಡೀ ದೇಶಕ್ಕೆ ಮೂಲೆ ತೋರಿಸ್ತಿದ್ದೀವಿ. ಒಂದ್ಸಲ ಬಿಡಿಸಿದ್ರೆ ಏನಾಗುತ್ತೆ ಮೇಡಂ?"

ಏನಾಗುತ್ತದೆಂದರೆ, ಮೊಹರು ಒಡೆದ ನಮೂನೆ ನಮೂನೆಯಾಗಿ ಉಳಿಯುವುದಿಲ್ಲ. ಒಡೆಯಲು ಮೂವರ ಸಮಿತಿ ಬೇಕು, ಕಾರಣ ಬರೆಯಬೇಕು, ಟೆಂಡರ್ ನಡೆಯುತ್ತಿರುವಾಗಲಂತೂ ಯಾರೂ ಒಪ್ಪುವುದಿಲ್ಲ. ಕಾರಣದ ಜಾಗದಲ್ಲಿ "ಬಣ್ಣದ ಖಚಿತತೆಗಾಗಿ" ಎಂದು ಬರೆದೆ. ನಿರ್ದೇಶಕರು ಎರಡು ದಿನ ಕಡತವನ್ನು ಮೇಜಿನ ಮೇಲೆ ಇಟ್ಟುಕೊಂಡು, ಮೂರನೆಯ ದಿನ ಸಹಿ ಹಾಕಿದರು.

ಆ ದಿನವೇ ಮಳೆಯ ದಿನ, ಅಥವಾ ಬಿಸಿಲಿನ ದಿನ.

ಮೇಜಿನ ಮೇಲೆ ಬಿಳಿ ಹಾಳೆ ಹಾಸಿದ್ದರು. ನಿರ್ದೇಶಕರು, ನಾನು, ಲೆಕ್ಕಪತ್ರ ವಿಭಾಗದ ಒಬ್ಬರು ಸಮಿತಿ. ಸೆಕ್ಷನ್ ಆಫೀಸರ್ ಬ್ಲೇಡಿನಿಂದ ದಾರ ಕತ್ತರಿಸಿದರು. ಅರಗು ಒಡೆಯಲಿಲ್ಲ, ಇಡಿಯಾಗಿ ಉರುಳಿ ಮೇಜಿನ ಅಂಚಿಗೆ ಹೋಗಿ ನಿಂತಿತು. ಮೊದಲ ಮಡಿಕೆ ಬಿಡಿಸಿದರು. ಬಣ್ಣ ಸ್ವಲ್ಪ ಗಾಢವಾಯಿತು. ಎರಡನೆಯದು ಬಿಡಿಸಿದರು. ಆಮೇಲೆ ಒಳಗಿನದು.

ಒಳಗೆ ಬೇರೆಯದೇ ಕಂಬಳಿ ಇತ್ತು. ದಾಳಿಂಬೆ ಸೀಳಿದಾಗ ಕಾಣುವ ಕೆಂಪು. ಉಣ್ಣೆ ಎದ್ದು ನಿಂತಿತ್ತು, ಬೆರಳು ಹೂತುಹೋಗುವಷ್ಟು. ಹೊರಗಿನ ಮೂಲೆಯನ್ನೂ ಈ ಒಡಲನ್ನೂ ಪಕ್ಕಪಕ್ಕ ಇಟ್ಟರೆ ಒಂದೇ ಬಟ್ಟೆ ಎಂದು ಯಾರೂ ಹೇಳುವಂತಿರಲಿಲ್ಲ. ಅಷ್ಟು ವರ್ಷ, ಅಷ್ಟು ಮಂದಿ, ಅದೇ ಮೂಲೆಯನ್ನು ಹೆಬ್ಬೆರಳಿನಿಂದ ತೀಡಿ ತೀಡಿ ಎಳೆ ಉದುರಿಸಿದ್ದರು. ಕಿಟಕಿಯ ಬೆಳಕು ಬಣ್ಣ ಕುಡಿದಿತ್ತು. ತಪಾಸಣೆಯವರೂ ಅದೇ ಮೂಲೆಗೆ ಹೊಸ ಕಂಬಳಿ ಹಿಡಿದು ಹೋಲಿಸಿ, ಸರಿ ಇದೆ ಎಂದಿದ್ದರು. ಸರಿಯೇ ಇತ್ತು. ಯಾರೂ ಮೋಸ ಮಾಡಿರಲಿಲ್ಲ. ಮೂಲೆ ತೆಳುವಾದಂತೆ ದೆಹಲಿಯ ವಾರ್ಡುಗಳಲ್ಲಿ ಕಂಬಳಿಯೂ ತೆಳುವಾಗುತ್ತ ಬಂದಿತ್ತು, ಯಾರಿಗೂ ತಿಳಿಯದಷ್ಟು ನಿಧಾನವಾಗಿ.

ನಿರ್ದೇಶಕರು ಮೂಲೆಯನ್ನೊಮ್ಮೆ ಒಡಲನ್ನೊಮ್ಮೆ ಮುಟ್ಟಿ, "ಅಚ್ಛಾ. ನಾವು ಇಷ್ಟು ವರ್ಷ ಮೂಲೆಯನ್ನು ಕೊಂಡುಕೊಂಡಿದ್ದೇವೆ," ಎಂದರು.

ಸೆಕ್ಷನ್ ಆಫೀಸರ್ ಕುರ್ಚಿಯಲ್ಲಿ ಕೂತರು. "ಮುಟ್ಟಬೇಡಿ ಅನ್ನೋಕೆ ನನಗೆ ಅಧಿಕಾರ ಇರಲಿಲ್ಲ ಸಾಹೇಬ್," ಎಂದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ನಾನು ಕಂಬಳಿಯ ಒಳಭಾಗವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಎತ್ತುವಾಗ ಒಂದು ಭಾರ ಗೊತ್ತಾಯಿತು, ಎಲ್ಲೋ ಮೊದಲೇ ಗೊತ್ತಿದ್ದ ಭಾರ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಪ್ಪನಿಗೆ ದೆಹಲಿಯಲ್ಲಿ ಕೆಲಸ, ಲೋಧಿ ಕಾಲೋನಿಯಲ್ಲಿ ಮನೆ. ಒಂದು ಚಳಿಗಾಲ ಟೈಫಾಯ್ಡ್ ಆಗಿ ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಸೇರಿಸಿದ್ದರು. ನೆನಪಿರುವುದು ಇಷ್ಟೇ: ಎತ್ತರದ ಚಾವಣಿ, ಪಕ್ಕದಲ್ಲಿ ಸ್ಟೂಲಿನ ಮೇಲೆ ಅಮ್ಮ, ಎದೆಯ ಮೇಲೆ ಕೆಂಪು ಕಂಬಳಿ. ಮಗ್ಗುಲು ಬದಲಿಸಲೂ ಆಗದಷ್ಟು ಭಾರ. ಅದರಡಿ ನಾನು ಬೆಚ್ಚಗೆ, ಸ್ವಲ್ಪ ಹೆದರಿಕೊಂಡು, ಬಹಳ ಸುಖವಾಗಿ ಮಲಗಿದ್ದೆ.

ಮುಂದಿನ ದಿನಗಳು ಬರೀ ಕೆಲಸದ ದಿನಗಳು. ಟೆಂಡರ್ ಆಗಲೇ ಹೊರಗಿತ್ತು. ಹಾಗೇ ಬಿಟ್ಟರೆ ಚಳಿಗೆ ಮೊದಲು ಕಂಬಳಿ ಬರುತ್ತದೆ, ಆದರೆ ಮೂಲೆಯಂಥದ್ದೇ ಬರುತ್ತದೆ, ಅದೂ ಮೂರು ವರ್ಷ. ರದ್ದು ಮಾಡಿ ಮತ್ತೆ ಕರೆದರೆ ಒಳ್ಳೆಯ ಕಂಬಳಿ ಬರುವ ಹೊತ್ತಿಗೆ ಹೋಳಿ. ಉಳಿದದ್ದು ಒಂದೇ ದಾರಿ: ನಡೆಯುತ್ತಿರುವ ಟೆಂಡರ್‌ಗೆ ತಿದ್ದುಪಡಿ ಪ್ರಕಟಿಸುವುದು. "ನಮೂನೆಯಂತೆ" ಎಂಬ ಪದ ತೆಗೆದು ಅಂಕಿ ಬರೆಯುವುದು: ಒಂದು ಚದರ ಮೀಟರಿಗೆ ಎಷ್ಟು ತೂಕ, ಉಣ್ಣೆಯ ಪಾಲು ಎಷ್ಟು, ಒಗೆದ ಮೇಲೆ ಎಷ್ಟು ಕುಗ್ಗಬಹುದು, ಬಣ್ಣ ಎಷ್ಟು ನಿಲ್ಲಬೇಕು. ಆದರೆ ಯಾರ ತೂಕ? ಮೂಲ ಅಂಕಿ ಎಲ್ಲೂ ಇರಲಿಲ್ಲ. ಕಂಬಳಿ ಇದ್ದಾಗ ಅಂಕಿ ಯಾಕೆ ಎಂದುಕೊಂಡಿದ್ದರು ಹಿಂದಿನವರು.

ಒಳಮಡಿಕೆಯಿಂದ ಅಂಗೈಯಗಲದ ತುಂಡು ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿದೆವು. ವರದಿ ಬೇಗ ಬಂತು. ತೂಕ ಹೇಳಿದ್ದರು, ಕೆಳಗೆ ಒಂದು ಟಿಪ್ಪಣಿ ಸೇರಿಸಿದ್ದರು: ನಮೂನೆಗೆ ವಯಸ್ಸಾಗಿದೆ, ಹೊಸದಿದ್ದಾಗಿನ ತೂಕವನ್ನು ಖಚಿತವಾಗಿ ಹೇಳಲಾಗದು.

ನಾನು ತಿದ್ದುಪಡಿಯ ಕರಡಿನಲ್ಲಿ ಪ್ರಯೋಗಾಲಯದ ಅಂಕಿಗಿಂತ ಮೇಲಿನ ಅಂಕಿಯೊಂದನ್ನು ಬರೆದೆ. ಒಂದಿಷ್ಟೇ ಮೇಲೆ ಅಲ್ಲ, ಸಾಕಷ್ಟು ಮೇಲೆ.

ನಿರ್ದೇಶಕರು ಕನ್ನಡಕ ಹಣೆಗೇರಿಸಿದರು. "ಇದು ಯಾಕೆ ಜಾಸ್ತಿ?"

"ಉಣ್ಣೆ ಹಳೆಯದಾದರೆ ಎಳೆ ಉದುರುತ್ತೆ ಸರ್. ಮೊದಲು ಇನ್ನೂ ಭಾರ ಇದ್ದಿರಬೇಕು."

"ಇದ್ದಿರಬೇಕು. ನಿಯಮಾವಳಿ ಬರೆಯೋರು ನೀವು, 'ಇದ್ದಿರಬೇಕು' ಅಂತೀರಾ?"

"ನಾನು ಅದನ್ನು ಹೊದ್ದಿದ್ದೇನೆ ಸರ್. ಚಿಕ್ಕವಳಿದ್ದಾಗ, ಇಲ್ಲೇ ದೆಹಲಿಯಲ್ಲಿ."

ಅವರು ನನ್ನನ್ನು ನೋಡಿದರು. ಬೈಯುತ್ತಾರೆ ಅಂದುಕೊಂಡೆ. "ಅದನ್ನು ಕಡತದಲ್ಲಿ ಬರೆಯಬೇಡಿ," ಎಂದಷ್ಟೇ ಹೇಳಿದರು. ಅಂಕಿಯನ್ನು ಮತ್ತೊಮ್ಮೆ ನೋಡಿ, "ಭಾರ ಹೆಚ್ಚಾದರೆ ಬೆಲೆ ಏರುತ್ತೆ, ಇರೋ ದುಡ್ಡಿಗೆ ಬರೋ ಸಂಖ್ಯೆ ಕಡಿಮೆಯಾಗುತ್ತೆ. ಗೊತ್ತಲ್ಲ?"

"ಗೊತ್ತು. ಒಬ್ಬರಿಗೆ ಎರಡು ಬೇಕಾಗೋದಿಲ್ಲ, ಒಂದೇ ಸಾಕು ಸರ್."

"ಚಲೋ. ಒಂದೇ ಸಾಕಾಗಲಿ," ಎಂದು ಸಹಿ ಹಾಕಿದರು.

ತಿದ್ದುಪಡಿಯ ಬಗ್ಗೆ ತಯಾರಕರ ಸಭೆ ಕರೆದೆವು. ಪಾಣಿಪತ್‌ನಿಂದ ಬಂದ ವಯಸ್ಸಾದ ಮಿಲ್ ಮಾಲೀಕರೊಬ್ಬರು ಮುಂದಿನ ಸಾಲಿನಲ್ಲಿ ಕೂತಿದ್ದರು. ಮೊಹರು ಒಡೆದ ಕಂಬಳಿಯನ್ನು ಅವರ ಮುಂದೆ ಪೂರ್ತಿ ಹಾಸಿದೆವು. ಅವರು ಒಳಗಿನ ಕೆಂಪನ್ನು ನೋಡಲೇ ಇಲ್ಲ, ಅಭ್ಯಾಸದಂತೆ ಮೂಲೆ ಹುಡುಕಿದರು.

"ಇದನ್ನು ನಾನು ನನ್ನ ಮಗನ ಕೆನ್ನೆಗಿಂತ ಚೆನ್ನಾಗಿ ಬಲ್ಲೆ," ಎಂದು ಪಕ್ಕದವರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಬೆಹನ್‌ಜೀ, ಪ್ರತಿ ಸಲ ತೆಳು ಮಾಡುವಾಗ ನನಗೆ ಅನಿಸ್ತಿತ್ತು, ಸರ್ಕಾರ ಬಡವಾಗ್ತಿದೆ ಅಂತ. ಯಾಕೆ ಅಂತ ಕೇಳಲಿಲ್ಲ. ಸರ್ಕಾರವನ್ನು ಯಾರು ಕೇಳ್ತಾರೆ?"

"ಈಗ ಕೇಳಿ."

"ಈಗ ಕೇಳ್ತೀನಿ. ಈ ತೂಕದ ಕಂಬಳಿ ನಾನು ಮಾಡಿಕೊಡ್ತೀನಿ. ಆದರೆ ಇಷ್ಟು ಭಾರದ್ದನ್ನು ರೋಗಿಯ ಮೇಲೆ ಹಾಕ್ತೀರೋ ಕುದುರೆಯ ಮೇಲೋ?"

ಸಭೆ ನಕ್ಕಿತು. ನಾನೂ ನಕ್ಕೆ. ಆ ನಗು ಡೈರಿಯಲ್ಲಿಲ್ಲ, ಆದರೆ ಪ್ರಶ್ನೆ ಇದೆ, ಕೆಳಗೆ ಗೆರೆ ಎಳೆದು.

ಟೆಂಡರ್ ನಡುವೆ ನಿಯಮ ಬದಲಿಸಿದರೆಂದು ಯಾರೂ ಕೋರ್ಟಿಗೆ ಹೋಗಲಿಲ್ಲ. ಬೆಲೆಗಳು ಬಂದವು, ನಿರ್ದೇಶಕರು ಹೇಳಿದಂತೆ ಏರಿದ್ದವು, ಸಂಖ್ಯೆ ಇಳಿಯಿತು. ಗುಣಮಟ್ಟದ ಅಧ್ಯಾಯಕ್ಕೆ ಈ ಕಂಬಳಿಯಿಂದಲೇ ಒಂದು ಹೊಸ ನಿಯಮ ಹುಟ್ಟಿತು: ನಮೂನೆ ಮುಟ್ಟಲು ಇರಲಿ, ಆದರೆ ಹೋಲಿಕೆ ಅಂಕಿಯ ಜೊತೆಗೇ ನಡೆಯಲಿ, ಪ್ರತಿ ಒಪ್ಪಂದಕ್ಕೂ ನಮೂನೆ ಹೊಸದಾಗಲಿ, ಒಂದು ಪ್ರತಿ ಕತ್ತಲಲ್ಲಿ ಉಳಿಯಲಿ. ಸೆಕ್ಷನ್ ಆಫೀಸರ್ ನಿವೃತ್ತರಾಗುವ ಮೊದಲು ಉಳಿದ ಕಪಾಟುಗಳ ವಸ್ತುಗಳನ್ನೂ ಒಂದೊಂದಾಗಿ ಬಿಚ್ಚಿಸಿದರು. ಬಕೆಟ್ ಮಾತ್ರ ಬದಲಾಗಿರಲಿಲ್ಲ ಎಂದು ಕೇಳಿದೆ.

ಕಂಬಳಿಗಳು ಮಂಜಿನ ಜೊತೆಗೇ ಬಂದವು. ನಾನು ಮೇಲ್ವಿಚಾರಕಿಯ ಆಸ್ಪತ್ರೆಗೆ ಹೋದ ಬೆಳಿಗ್ಗೆ ರಸ್ತೆ, ಮರ, ಮೆಟ್ರೋ ಕಂಬಗಳು ಎಲ್ಲ ಅರ್ಧ ಅಳಿಸಿದ ಹಾಗಿದ್ದವು. ವಾರ್ಡಿನೊಳಗೂ ಒಂದಿಷ್ಟು ಮಂಜು ನುಗ್ಗಿತ್ತು. ಅದರ ನಡುವೆ ಸಾಲಾಗಿ ಕೆಂಪು. ಒಂದು ಹಾಸಿಗೆಗೆ ಒಂದೇ. ಅದರಡಿ ಜನ ಅಲುಗದೆ ಮಲಗಿದ್ದರು. ನಾನು ಬಹಳ ಹೊತ್ತು ನಿಂತೆ. ಎಲ್ಲೋ ಕಳೆದದ್ದು ಸಿಕ್ಕಿತು ಅನಿಸಿತು.

"ಬೆಚ್ಚಗಿದೆ," ಎಂದರು ಮೇಲ್ವಿಚಾರಕಿ. "ಆದರೆ ಆ ಮೂಲೆಯ ತನಕ ನೋಡಿ."

ವಾರ್ಡಿನ ತುದಿಯಲ್ಲಿ, ಬಾಗಿಲಿನ ಗಾಳಿ ಬೀಸುವ ಕಡೆ, ಕೆಲವು ಹಾಸಿಗೆಗಳ ಮೇಲೆ ಮಾಸಿದ ಗುಲಾಬಿ ಬಣ್ಣ. ಹಳೆಯ ತೆಳು ಕಂಬಳಿಗಳು, ಎರಡೆರಡು. ಹೊಸದು ಅಲ್ಲಿಯವರೆಗೆ ಸಾಲಲಿಲ್ಲ. ಒಂದು ಹಾಸಿಗೆಯಲ್ಲಿ ಎರಡು ಕಂಬಳಿಯಡಿ ಒಬ್ಬ ಪುಟ್ಟ ಹುಡುಗಿ ಮಲಗಿದ್ದಳು, ಅವಳ ತಾಯಿ ಸ್ಟೂಲಿನ ಮೇಲೆ ಕೂತು ಅಂಚುಗಳನ್ನು ಒಳಗೆ ಸಿಕ್ಕಿಸುತ್ತಿದ್ದಳು.

"ಭಾರ ಆಗ್ತಿದೆಯಾ ಪುಟ್ಟಿ?" ಎಂದು ಹಿಂದಿಯಲ್ಲಿ ಕೇಳಿದೆ.

"ಹೂಂ, ತುಂಬಾ," ಎಂದಳು ಹುಡುಗಿ, ದೂರು ಹೇಳುವ ಧ್ವನಿಯಲ್ಲಲ್ಲ.

ಹೊರಗೆ ಬಂದಾಗಲೂ ಮಂಜು ಹಾಗೇ ಇತ್ತು. ನಾನು ಬರೆದ ಅಂಕಿ ಸ್ವಲ್ಪ ಕೆಳಗಿದ್ದರೆ ಕಂಬಳಿಗಳು ಬಾಗಿಲವರೆಗೆ ತಲುಪುತ್ತಿದ್ದವು. ಪ್ರಯೋಗಾಲಯದ ಅಂಕಿಗೂ ನನ್ನ ಅಂಕಿಗೂ ನಡುವಿನ ಅಂತರದಲ್ಲಿ ಆ ಹಾಸಿಗೆಗಳು ಇದ್ದವು.

ಆ ಜನವರಿಯಲ್ಲಿ ಅಮ್ಮ ಮೈಸೂರಿನಿಂದ, ನನ್ನ ತಮ್ಮನ ಮನೆಯಿಂದ ಬಂದಿದ್ದಳು. ಚಳಿಗಾಲದಲ್ಲಿ ದೆಹಲಿಗೆ ಬರುವುದು ಬಟಾಣಿಗಾಗಿ ಎಂದು ಎಲ್ಲರಿಗೂ ಹೇಳುತ್ತಾಳೆ. ಹೌಜ್ ಖಾಸ್‌ನ ನಮ್ಮ ತಾರಸಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಚಾಪೆ ಹಾಕಿ, ಮಂಕರಿ ಮುಂದಿಟ್ಟುಕೊಂಡು ಅಮ್ಮ, ನಾನು, ನನ್ನ ಮಗಳು ಮೂವರೂ ಬಟಾಣಿ ಬಿಡಿಸುತ್ತಿದ್ದೆವು. ಮಗಳು ಬಿಡಿಸಿದ್ದಕ್ಕಿಂತ ತಿಂದದ್ದು ಹೆಚ್ಚು.

"ಅಜ್ಜಿ, ಯೇ ವಾಲಾ ತೋ ಪೂರಾ ಖಾಲಿ ಹೈ," ಎಂದಳು, ಒಂದು ಸಿಪ್ಪೆ ತೋರಿಸಿ.

"ಖಾಲಿ ಆಗ್ದೆ ಇನ್ನೇನು? ನಿನ್ನ ಬಾಯಿ ನೋಡು," ಎಂದಳು ಅಮ್ಮ.

ನಾನು ಟೈಫಾಯ್ಡಿನ ಮಾತು ತೆಗೆದೆ. ಅಮ್ಮನಿಗೆ ಎಲ್ಲ ನೆನಪಿತ್ತು: ಡಾಕ್ಟರ ಮೀಸೆ, ಅಪ್ಪ ತರುತ್ತಿದ್ದ ಗಂಜಿಯ ಡಬ್ಬಿ, ಪಕ್ಕದ ಹಾಸಿಗೆ ಬೇಗ ಖಾಲಿಯಾದದ್ದು. "ಆ ಮಗು ಮನೆಗೆ ಹೋಯ್ತೋ ಏನೋ, ಯಾರೂ ಹೇಳಲಿಲ್ಲ," ಎಂದಳು. ಕಂಬಳಿ ಕೆಂಪಿತ್ತಾ ಎಂದೆ. "ಕೆಂಪೇ," ಎಂದಳು. ತುಂಬಾ ಭಾರ ಇತ್ತು ಅಲ್ವಾ ಎಂದೆ.

"ನಾನು ನಿನ್ನ ಜ್ವರ ನೋಡ್ತಿದ್ನೋ ಕಂಬಳಿ ತೂಗ್ತಿದ್ನೋ?" ಎಂದು ನಕ್ಕಳು.

ಪಕ್ಕದ ಹಾಸಿಗೆ ಖಾಲಿಯಾಗಿತ್ತು ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎರಡು ಕಂಬಳಿಯಡಿ 'ತುಂಬಾ' ಎಂದಿದ್ದ ವಾರ್ಡಿನ ತುದಿಯ ಹುಡುಗಿ ಕಣ್ಣ ಮುಂದೆ ಬಂದಳು, ಜೊತೆಗೆ ನಾನು ಬರೆದ ಅಂಕಿ.

"ಅಮ್ಮ," ಎಂದೆ, "ನನ್ನ ಮೇಲೆ ಎಷ್ಟು ಕಂಬಳಿ ಇತ್ತು? ಒಂದಾ, ಎರಡಾ?"

ಅಮ್ಮ ಕೈಯಲ್ಲಿದ್ದ ಬಟಾಣಿ ಕಾಯನ್ನು ಬಿಡಿಸಲಿಲ್ಲ. ಹೆಬ್ಬೆರಳಿನಿಂದ ಅದರ ಅಂಚನ್ನು ತೀಡುತ್ತ ಕೂತಳು, ತೀಡುತ್ತಲೇ ಇದ್ದಳು, ಬಿಸಿಲು ಚಾಪೆಯಿಂದ ಸರಿದು ಗೋಡೆ ಹತ್ತುವವರೆಗೆ. ಈಗ ಅವಳು ಮೈಸೂರಿನಲ್ಲಿದ್ದಾಳೆ. ದಿನವೂ ಫೋನ್ ಮಾಡುತ್ತಾಳೆ, ಊಟ ಆಯ್ತಾ ಎಂದು ಕೇಳುತ್ತಾಳೆ. ಕಂಬಳಿಯ ಲೆಕ್ಕವನ್ನು ನಾನು ಮತ್ತೆ ಕೇಳಿಲ್ಲ.